ಸೀಸದ ರೆಕ್ಕೆ, ತಾಮ್ರದ ತಂತಿ

ನಮಸ್ಕಾರ.

ಚಿತ್ರಕಲೆಯ ಬಗ್ಗೆ ರೇಡಿಯೋದಲ್ಲಿ ಮಾತಾಡುತ್ತೇನೆ ಅಂದಾಗ ನನ್ನ ಹೆಂಡತಿ ನಕ್ಕುಬಿಟ್ಟಳು. "ಕಣ್ಣಿನ ಕೆಲಸಾನ ಕಿವಿಗೆ ಹಚ್ಚೋಕೆ ಹೊರಟಿದ್ದೀರಲ್ರೀ" ಅಂದಳು. ಅವಳ ಮಾತು ಸರಿಯೇ. ಹಾಗಾಗಿ ಮೊದಲು ನೀವೇ ಒಂದು ಕೆಲಸ ಮಾಡಬೇಕು. ಕೂತಲ್ಲಿಂದಲೇ ಎದುರಿನ ಗೋಡೆ ನೋಡಿ. ನಮ್ಮ ಮನೆಗಳ ಗೋಡೆ ಹತ್ತು ಅಡಿ ಎತ್ತರ ಇರುತ್ತದೆ. ಅದನ್ನು ಇನ್ನೂ ಎರಡೂವರೆ ಅಡಿ ಏರಿಸಿ. ಅಗಲವನ್ನು 18 ಅಡಿಗೆ ಎಳೆಯಿರಿ. ಈಗ ಆ ಗೋಡೆ ಪೂರ್ತಿ ಒಂದೇ ಚಿತ್ರ ಅಂದುಕೊಳ್ಳಿ. ಬಣ್ಣ? ಏಪ್ರಿಲ್ ತಿಂಗಳಲ್ಲಿ ಬತ್ತಿದ ಕೆರೆಯ ಅಂಗಳ ನೋಡಿದ್ದೀರಲ್ಲ, ಹಾಗೆ. ಕಂದು, ಬೂದು, ಕಪ್ಪು, ಮೈತುಂಬ ಬಿರುಕು. ಅದರ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಒಂದು ಭಾರೀ ಪಿರಮಿಡ್ಡು. ಆ ಪಿರಮಿಡ್ಡಿನ ನೆತ್ತಿಯಲ್ಲಿ ಟೀವಿಯೊಳಗಿನ ಸರ್ಕೀಟ್ ಬೋರ್ಡು. ಬರೆದದ್ದಲ್ಲ, ನಿಜವಾದ ಬೋರ್ಡೇ. ಅಲ್ಲಿಂದ ತಾಮ್ರದ ತಂತಿಗಳು ಕೆಳಕ್ಕೆ ಇಳಿದು ಬರುತ್ತವೆ. ಒಂದೊಂದು ತಂತಿಯ ತುದಿಯೂ ಒಂದೊಂದು ಒಡೆದ ಪಿಂಗಾಣಿ ಚೂರಿಗೆ ಹೋಗಿ ಸೇರುತ್ತದೆ.

ಇದು ಜರ್ಮನಿಯ ಚಿತ್ರಕಾರ ಅನ್‌ಸೆಲ್ಮ್ ಕೀಫರ್ 1985ರಿಂದ 1987ರವರೆಗೆ ಮಾಡಿದ 'ಒಸೈರಿಸ್ ಮತ್ತು ಐಸಿಸ್' ಎಂಬ ಚಿತ್ರ. ಇರುವುದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ಆಧುನಿಕ ಕಲಾ ಮ್ಯೂಸಿಯಮ್ಮಿನಲ್ಲಿ. ಮಗಳು ಆ ಕಡೆ ಕೆಲಸದಲ್ಲಿದ್ದಾಳೆ. ಬಾಣಂತನಕ್ಕೆ ಹೋದವರು ನಾವು. ಹೆಂಡತಿಗೆ ಮನೆತುಂಬ ಕೆಲಸ, ನನಗೆ ಇಲ್ಲ. ಒಂದು ದಿನ ರೈಲು ಹತ್ತಿ ಹೋಗಿ ಇದರ ಮುಂದೆ ನಿಂತೆ.

ನಿಂತೆ ಅನ್ನುವುದಕ್ಕಿಂತ ಬಗ್ಗಿದೆ ಅನ್ನಬೇಕು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು. ದೂರ ನಿಂತು ಭಾವಪರವಶನಾಗುವುದು ನನಗೆ ಬಾರದು. ಯಾವುದನ್ನು ಯಾವುದಕ್ಕೆ ಹೇಗೆ ಅಂಟಿಸಿದ್ದಾರೆ ಅಂತ ನೋಡಬೇಕು. ಆ ತಂತಿ ನೋಡಿದ ಕೂಡಲೆ ನೆನಪಾದದ್ದು ನಮ್ಮೂರಿನ ಮೋಟಾರು ವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟಿನ ಹೊಟ್ಟೆಯಿಂದ ಕಿತ್ತು ಮೂಲೆಗೆಸೆದ ತಂತಿಯ ಸಿಂಬೆ ಇರುತ್ತದಲ್ಲ, ಅದೇ. ಇನ್ನೂ ಹತ್ತಿರ ಬಗ್ಗಿದೆ. ಕಾವಲಿನ ಹುಡುಗಿ ಬಂದು ಒಂದು ಹೆಜ್ಜೆ ಹಿಂದೆ ಸರಿಯಿರಿ ಎಂದಳು, ನಗುತ್ತಲೇ. ಅವಳ ಕೆಲಸ ಅವಳದು. ಸರಿದೆ.

ಕಥೆ ಹೇಳಿಬಿಡುತ್ತೇನೆ. ಈಜಿಪ್ಟಿನ ಪುರಾಣ. ಒಸೈರಿಸ್ ಒಳ್ಳೆಯ ರಾಜ. ಐಸಿಸ್ ಅವನ ತಂಗಿಯೂ ಹೌದು, ಹೆಂಡತಿಯೂ ಹೌದು. ಅವರಲ್ಲಿ ಹಾಗಿತ್ತು. ಸೆತ್ ಅವನ ತಮ್ಮ. ಅಣ್ಣನ ಮೈಯ ಅಳತೆಯನ್ನು ಗುಟ್ಟಾಗಿ ತೆಗೆದು, ಅದಕ್ಕೆ ಸರಿಯಾಗಿ ಚೆಂದದೊಂದು ಪೆಟ್ಟಿಗೆ ಮಾಡಿಸಿದ. ಔತಣದಲ್ಲಿ ಅದನ್ನು ತಂದಿಟ್ಟು, ಇದು ಯಾರಿಗೆ ಸರಿಹೊಂದುತ್ತದೋ ಅವರಿಗೇ ಅಂದ. ಒಬ್ಬೊಬ್ಬರಾಗಿ ಮಲಗಿ ನೋಡಿದರು. ಒಸೈರಿಸ್ ಮಲಗಿದ, ಮುಚ್ಚಳ ಬಿತ್ತು. ಪೆಟ್ಟಿಗೆ ನೈಲ್ ನದಿಯ ಪಾಲಾಯಿತು. ಐಸಿಸ್ ಹುಡುಕಿಕೊಂಡು ಹೋಗಿ ಹೆಣ ತಂದಳು. ಬಚ್ಚಿಟ್ಟಳು. ಬೆಳದಿಂಗಳಲ್ಲಿ ಬೇಟೆಗೆ ಬಂದ ಸೆತ್‌ನ ಕಣ್ಣಿಗೆ ಅದೂ ಬಿತ್ತು. ಈ ಸಲ ಹದಿನಾಲ್ಕು ತುಂಡು ಮಾಡಿ ದಿಕ್ಕುದಿಕ್ಕಿಗೆ ಎರಚಿದ. ಐಸಿಸ್ ಜೊಂಡಿನ ದೋಣಿ ಕಟ್ಟಿಕೊಂಡು ಜೌಗಿನಲ್ಲಿ ಒಂದೊಂದೇ ತುಂಡು ಆಯ್ದಳು. ಜನನೇಂದ್ರಿಯ ಮಾತ್ರ ಸಿಗಲಿಲ್ಲ, ಮೀನು ತಿಂದಿದ್ದವು. ಅದರ ಬದಲಿಗೆ ಅವಳೇ ಒಂದನ್ನು ಮಾಡಿ ಸೇರಿಸಿದಳು. ತುಂಡು ಸಿಕ್ಕಿದಲ್ಲೆಲ್ಲ ಒಂದೊಂದು ಸಮಾಧಿ ಕಟ್ಟಿದಳಂತೆ. ಈಜಿಪ್ಟಿನಲ್ಲಿ ಒಸೈರಿಸನ ಸಮಾಧಿಗಳು ಅಷ್ಟೊಂದು ಇರುವುದಕ್ಕೆ ಅದೇ ಕಾರಣ ಎಂದು ಪ್ಲುಟಾರ್ಕ್ ಎಂಬ ಗ್ರೀಕ್ ಲೇಖಕ ಬರೆದಿದ್ದಾನೆ.

ಇದನ್ನು ಕೇಳುತ್ತಿರುವ ಅಜ್ಜಿಯೊಬ್ಬರು ಈ ಹೊತ್ತಿಗೆ "ಅಯ್ಯೋ, ಇದು ನಮ್ಮ ಸತೀದೇವಿ ಕಥೆ ಅಲ್ವೇನೋ" ಅಂದಿರುತ್ತಾರೆ. ದಕ್ಷನ ಯಜ್ಞ, ಶಿವನ ಹೆಗಲ ಮೇಲಿನ ಹೆಣ, ವಿಷ್ಣುವಿನ ಚಕ್ರ, ತುಂಡು ಬಿದ್ದಲ್ಲೆಲ್ಲ ಒಂದು ಶಕ್ತಿಪೀಠ. ಚಾಮುಂಡಿಬೆಟ್ಟದಲ್ಲಿ ದೇವಿಯ ಕೂದಲು ಬಿತ್ತು ಎಂದು ನಂಬುವವರಿದ್ದಾರೆ. ನಮ್ಮ ಕಥೆಯಲ್ಲಿ ಬಿದ್ದದ್ದು ಬಿದ್ದಲ್ಲೇ ದೇವರಾಯಿತು, ಯಾರೂ ಆಯಲು ಹೋಗಲಿಲ್ಲ. ಅವರ ಕಥೆಯಲ್ಲಿ ಒಬ್ಬ ಹೆಂಗಸು ಆಯ್ದು ತಂದು ಕೂಡಿಸಿದಳು. ಕೀಫರ್ ಹಿಡಿದದ್ದು ಈ ಕೂಡಿಸುವುದನ್ನು.

ಈಗ ಮತ್ತೆ ಚಿತ್ರಕ್ಕೆ ಬನ್ನಿ. ಅಲ್ಲಿ ಐಸಿಸಳ ಮುಖವಿಲ್ಲ. ಒಸೈರಿಸನ ಕೈಕಾಲಿಲ್ಲ. ಇರುವುದು ಚೂರುಗಳು ಮತ್ತು ತಂತಿ. ಬಣ್ಣದಲ್ಲಿ ಚೂರುಗಳನ್ನು ಬರೆದಿದ್ದರೆ ಅದು ಕಥೆಗೊಂದು ಚಿತ್ರವಾಗುತ್ತಿತ್ತು, ನಾವು ಪಠ್ಯಪುಸ್ತಕದಲ್ಲಿ ನೋಡುವ ಹಾಗೆ. ಇಲ್ಲಿ ಪಿಂಗಾಣಿ ನಿಜವಾಗಿ ಒಡೆದಿದೆ. ಯಾರೋ ಅದನ್ನು ನಿಜವಾಗಿ ಆಯ್ದು, ಒಂದೊಂದಕ್ಕೂ ತಂತಿ ಕಟ್ಟಿದ್ದಾರೆ. ಐಸಿಸ್ ಮಾಡಿದ ಕೆಲಸವನ್ನೇ ಚಿತ್ರಕಾರ ತನ್ನ ಕೈಯಾರೆ ಇನ್ನೊಂದು ಸಲ ಮಾಡಿದ. ಎಣ್ಣೆಬಣ್ಣ, ಅಕ್ರಿಲಿಕ್, ಮಣ್ಣು, ಸೀಸ, ಪಿಂಗಾಣಿ, ತಾಮ್ರ, ಸರ್ಕೀಟ್ ಬೋರ್ಡು: ಚಿತ್ರದ ದಪ್ಪವೇ ಅರ್ಧ ಅಡಿಗಿಂತ ಹೆಚ್ಚು. ಮಿಶ್ರ ಮಾಧ್ಯಮ ಅನ್ನುವುದು ಇದನ್ನೇ. ಪರಮಾಣು ಒಡೆಯುವುದು, ಕೂಡುವುದು ಇದರಲ್ಲಿದೆ ಎಂದು ಓದುವವರೂ ಇದ್ದಾರೆ. ಇದನ್ನು ಮಾಡುತ್ತಿದ್ದ ನಡುವೆಯೇ, 1986ರ ಏಪ್ರಿಲ್‌ನಲ್ಲಿ, ಚೆರ್ನೊಬಿಲ್ ಅಣುಸ್ಥಾವರದ ದುರಂತ ಆಯಿತು. ಆ ಬೋರ್ಡನ್ನೂ ತಂತಿಯನ್ನೂ ನೋಡಿದರೆ ಆ ಓದು ಸುಳ್ಳು ಅನ್ನಿಸುವುದಿಲ್ಲ. ಕೂಡಿಸಲು ಬಂದ ಕರೆಂಟು ಮತ್ತೆ ಒಡೆದರೆ?

ಕೀಫರ್ ಹುಟ್ಟಿದ್ದು 1945ರ ಮಾರ್ಚಿನಲ್ಲಿ, ಡೊನಾವೆಶಿಂಗೆನ್ ಎಂಬ ಊರಿನಲ್ಲಿ. ಎರಡು ತಿಂಗಳಿಗೆ ಯುದ್ಧ ಮುಗಿಯಿತು. ಪಕ್ಕದ ಮನೆ ಬಾಂಬಿಗೆ ಬಿದ್ದುಹೋಗಿತ್ತು, ಆ ಅವಶೇಷದ ಇಟ್ಟಿಗೆಗಳನ್ನೇ ಜೋಡಿಸಿಕೊಂಡು ಆಡಿ ಬೆಳೆದ ಹುಡುಗ. ಅವನಿಗೊಂದು ತೊಡಕಿತ್ತು, ನಮಗೆ ಅಷ್ಟು ಸುಲಭಕ್ಕೆ ಅರ್ಥವಾಗದ ತೊಡಕು. ನಾವು ರಾಮನನ್ನೋ ಕರ್ಣನನ್ನೋ ಬರೆಯಬೇಕು ಅನ್ನಿಸಿದರೆ ಕುಂಚ ಎತ್ತಿಕೊಳ್ಳುತ್ತೇವೆ. ಜರ್ಮನಿಯ ಚಿತ್ರಕಾರ ತನ್ನ ಪುರಾಣದ ವೀರರನ್ನು ಹಾಗೆ ಬರೆಯುವಂತಿರಲಿಲ್ಲ. ಆ ಕಥೆಗಳನ್ನು ನಾತ್ಸಿಗಳು ಬಾವುಟಕ್ಕೆ ಕಟ್ಟಿ ಮೆರೆಸಿಬಿಟ್ಟಿದ್ದರು. ಯುದ್ಧದ ನಂತರ ಯಾರೂ ಅವನ್ನು ಮುಟ್ಟುತ್ತಿರಲಿಲ್ಲ. ಮೈಲಿಗೆ ಆಗಿತ್ತು ಅನ್ನಿ. ಕೀಫರ್ ಮುಟ್ಟಿದ. ಬಹಳ ಬೈಸಿಕೊಂಡ ಕೂಡ. 1980ರಲ್ಲಿ ವೆನಿಸ್ ಬಿಯೆನಾಲೆ ಎಂಬ ದೊಡ್ಡ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ಅವನ ಚಿತ್ರ ನೋಡಿದ ಜರ್ಮನ್ ವಿಮರ್ಶಕರು, ಇವನು ಹಳೆಯ ಭೂತವನ್ನು ಮತ್ತೆ ಎಬ್ಬಿಸುತ್ತಿದ್ದಾನೆ ಎಂದು ಗುಮಾನಿಪಟ್ಟರು.

ಅವನು ಮುಟ್ಟಿದ ರೀತಿ ಹೇಗಿತ್ತು ಅನ್ನುವುದಕ್ಕೆ ವೇಲ್ಯಾಂಡನ ಚಿತ್ರ ಸಾಕು. ಉತ್ತರ ಯುರೋಪಿನ ಪುರಾಣದ ಕಮ್ಮಾರ ಇವನು. ರಾಜನೊಬ್ಬ ಇವನನ್ನು ಹಿಡಿದು, ಓಡದಂತೆ ಮಂಡಿಯ ಹಿಂದಿನ ನರ ಕತ್ತರಿಸಿ, ದ್ವೀಪದಲ್ಲಿ ಕೂಡಿಹಾಕಿ ಒಡವೆ ಮಾಡಿಸಿಕೊಳ್ಳುತ್ತಾನೆ. ಕಮ್ಮಾರ ರಾಜನ ಇಬ್ಬರು ಗಂಡುಮಕ್ಕಳನ್ನು ಕೊಂದು, ಅವರ ಬುರುಡೆಗೆ ಬೆಳ್ಳಿ ಕಟ್ಟಿ ಬಟ್ಟಲು ಮಾಡಿ ಅಪ್ಪನಿಗೇ ಕಳಿಸುತ್ತಾನೆ. ಮಗಳನ್ನು ಕೆಡಿಸುತ್ತಾನೆ. ಕೊನೆಗೆ ನಗುತ್ತಾ ಹಾರಿಹೋಗುತ್ತಾನೆ. ಒಳ್ಳೆಯವನೋ ಕೆಟ್ಟವನೋ ಹೇಳುವುದು ಕಷ್ಟ. ಕೀಫರ್ 1982ರಲ್ಲಿ ಇದನ್ನು ಮಾಡಿದ. ದಿಗಂತದವರೆಗೆ ಹೊಲ, ಅದಕ್ಕೆ ನಿಜವಾದ ಹುಲ್ಲು ಮೆತ್ತಿದ್ದು. ಅದರ ಮೇಲೆ ಒಂದೇ ಒಂದು ರೆಕ್ಕೆ. ಆ ರೆಕ್ಕೆ ಸೀಸದ್ದು.

ಸೀಸದ ರೆಕ್ಕೆ! ಮೀನಿನ ಬಲೆಗೆ ಕಟ್ಟುವ ಗುಂಡು ಕೈಯಲ್ಲಿ ಹಿಡಿದವರಿಗೆ ಗೊತ್ತು ಸೀಸದ ತೂಕ. ಹಾರುವ ವೀರನ ಕಥೆಯನ್ನು ಹಾರಲಾಗದ ವಸ್ತುವಿನಲ್ಲಿ ಹೇಳಿದ. ಇಷ್ಟೆಲ್ಲ ರಕ್ತ ಹರಿಸಿದವನು ಹಗುರವಾಗಿ ಹಾರಿಹೋದ ಎಂಬುದನ್ನು ಈ ಚಿತ್ರಕಾರ ಒಪ್ಪುವುದಿಲ್ಲ ಅಂತ ನನಗೆ ಅನ್ನಿಸಿತು. ಇದನ್ನು ನಾನು ಪುಸ್ತಕದಲ್ಲಷ್ಟೇ ನೋಡಿದ್ದು. ಆದರೂ ಭಾರ ತಾಗುತ್ತದೆ. ಜರ್ಮನಿಯ ಕೊಲೋನ್ ಕತೀಡ್ರಲ್ ಎಂಬ ದೊಡ್ಡ ಚರ್ಚಿನ ಛಾವಣಿ ರಿಪೇರಿಯಾದಾಗ ತೆಗೆದ ಹಳೆಯ ಸೀಸವನ್ನು ಈ ಮಹಾರಾಯ ಕೊಂಡುಕೊಂಡಿದ್ದ. ನಮ್ಮವರು ಹಳೇ ದೇವಸ್ಥಾನದ ಬಾಗಿಲವಾಡ ಹರಾಜಿನಲ್ಲಿ ಹಿಡಿದ ಹಾಗೆ.

ಸೀಸ ಅಂದಾಗ ಒಂದು ಮಾತು. ನಮ್ಮ ಮೈಸೂರು ಶೈಲಿಯ ಚಿತ್ರದಲ್ಲಿ ಕೃಷ್ಣನ ಕಿರೀಟ ಉಬ್ಬಿ ಕಾಣುತ್ತದಲ್ಲ, ಆ ಉಬ್ಬಿಗೆ ಹಳೆಯ ಚಿತ್ರಗಾರರು ಬಳಸುತ್ತಿದ್ದದ್ದು ಸೀಸದ ಬಿಳಿಪುಡಿಯನ್ನು ಗೋಂದಿನ ಜೊತೆ ಅರೆದ ಸಫೇದ. ಕುಂಚದ ತುದಿಯಲ್ಲಿ ಅದನ್ನು ಎಳೆಎಳೆಯಾಗಿ ಇಳಿಸಿ, ಒಣಗಿದ ಮೇಲೆ ಚಿನ್ನದ ರೇಕು ಕೂರಿಸಿ, ನಯವಾದ ಕಲ್ಲಿನಿಂದ ಮೆಲ್ಲಗೆ ಉಜ್ಜಿದರೆ ಆ ಮಿರುಗು. ತಂಜಾವೂರಿನವರು ಇನ್ನೂ ದಪ್ಪ ಹಾಕಿ ಕಲ್ಲು, ಗಾಜನ್ನೂ ಕೂರಿಸುತ್ತಾರೆ. ನಮ್ಮದು ತೆಳು, ಸ್ವಲ್ಪ ಬಿಗುಮಾನದ್ದು. ಮಿಶ್ರ ಮಾಧ್ಯಮ ಅಂತ ಯಾರೂ ಕರೆಯಲಿಲ್ಲ ಅಷ್ಟೆ. ದೀಪದ ಬೆಳಕಿಗೆ ಆ ಚಿನ್ನ ಅಲುಗಾಡಿದಾಗ ದೇವರು ಉಸಿರಾಡಿದ ಹಾಗೆ ಕಾಣುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಈ ಮಾತು ಹೇಳಿದರೆ ಯಾರೂ ನಂಬುವುದಿಲ್ಲ.

ನಮ್ಮವರೇ ಆದ ಕಲಾವಿದೆ ನಳಿನಿ ಮಲಾನಿ ಅವರ ಬಗ್ಗೆ ಹೇಳದೆ ಮುಗಿಸಿದರೆ ತಪ್ಪಾಗುತ್ತದೆ. 1946ರಲ್ಲಿ ಕರಾಚಿಯಲ್ಲಿ ಹುಟ್ಟಿದವರು. ದೇಶ ಒಡೆದಾಗ ಕೈಗೂಸು. ಮುಂಬೈಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತರು. ಇವರು ಬರೆಯುವುದು ಪಾರದರ್ಶಕ ಅಕ್ರಿಲಿಕ್ ಹಾಳೆಯ ಬೆನ್ನಿಗೆ. ನಾವು ನೋಡುವುದು ಮುಂದಿನಿಂದ. ಹಾಗೆ ಬರೆಯುವಾಗ ಎಲ್ಲ ತಿರುಗುಮುರುಗು. ಕಡೆಗೆ ಇಡಬೇಕಾದ ಕಣ್ಣಿನ ಬೊಟ್ಟನ್ನು ಮೊದಲೇ ಇಡಬೇಕು, ಆಮೇಲೆ ಮುಖದ ಬಣ್ಣ, ಕೊನೆಗೆ ಹಿನ್ನೆಲೆ. ತಪ್ಪಾದರೆ ಮೇಲೆ ಬಳಿದು ಮುಚ್ಚುವಂತಿಲ್ಲ. ಚೀನಾದ ವ್ಯಾಪಾರದ ಜೊತೆ 18ನೇ ಶತಮಾನದಲ್ಲಿ ನಮ್ಮ ಕಡೆಗೆ ಬಂದ ವಿದ್ಯೆ ಇದು. ಮಲಾನಿ ಇದನ್ನು ಚಿತ್ರಕಾರ ಭೂಪೇನ್ ಖಕ್ಕರ್ ಅವರಿಂದ ಕಲಿತರು. ನನ್ನ ಅಜ್ಜಿಯ ಮನೆಯ ನಡುಮನೆಯಲ್ಲೂ ಗಾಜಿನ ಮೇಲೆ ಬರೆದ ಒಬ್ಬ ಬೆಣ್ಣೆಕೃಷ್ಣ ಇದ್ದ. ಥಂಡಿ ಹಿಡಿದು ಹಿಂದಿನ ಬಣ್ಣ ಉದುರಿ, ಅವನ ಒಂದು ಮೊಣಕೈ ಇದ್ದ ಜಾಗದಲ್ಲಿ ರಟ್ಟು ಕಾಣುತ್ತಿತ್ತು.

ಮಲಾನಿಯವರ ಒಂದು ಚಿತ್ರದ ಹೆಸರೇ 'ಸೀತಾ/ಮೀಡಿಯಾ'. ಮೀಡಿಯಾ ಅಂದರೆ ಟೀವಿ ಚಾನೆಲ್ಲಲ್ಲ, ಗ್ರೀಕ್ ಪುರಾಣದ ಹೆಂಗಸು. ಜೇಸನ್ ಎಂಬವನಿಗಾಗಿ ತವರನ್ನೇ ಬಿಟ್ಟು ಬಂದವಳು. ಅವನು ಇನ್ನೊಬ್ಬಳ ಕೈ ಹಿಡಿಯಲು ಹೊರಟಾಗ ತನ್ನ ಮಕ್ಕಳನ್ನೇ ಕೊಂದಳು. ಅವಳ ಪಕ್ಕದಲ್ಲಿ ಸೀತೆಯೇ ಎಂದು ಮೊದಲು ನನಗೂ ಕಸಿವಿಸಿ ಆಯಿತು. ಎಲ್ಲಿಂದೆಲ್ಲಿಗೆ! ಆದರೆ ಗಂಡನ ಹಿಂದೆ ಹೊರಟು, ಕೊನೆಗೆ ಕೈಬಿಡಿಸಿಕೊಂಡವರು ಇಬ್ಬರೂ. ಒಬ್ಬಳ ಸಿಟ್ಟು ಹೊರಗೆ ಹೋಯಿತು, ಇನ್ನೊಬ್ಬಳದು ಭೂಮಿಯೊಳಗೆ. ಹಾಳೆಯ ಬೆನ್ನಿನಲ್ಲಿ ನೀರಾಗಿ ಹರಿದ ಬಣ್ಣಗಳಲ್ಲಿ ಯಾರ ಮೈ ಎಲ್ಲಿ ಮುಗಿಯಿತು ಹೇಳಲಾಗುವುದಿಲ್ಲ. ಕ್ಯಾನ್ವಾಸಿನ ಮೇಲೆ ಅದು ಹೀಗೆ ಬೆರೆಯುತ್ತಿರಲಿಲ್ಲ.

ನಾನು ನೋಡುವುದು ಇಷ್ಟೇ. ಆ ವಸ್ತುವನ್ನು ಕಿತ್ತುಹಾಕಿದರೆ ಕಥೆ ಹೋಗುತ್ತದೋ ಇರುತ್ತದೋ? ಪ್ರತಿ ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಯುತ್ತದೆ, ನಾನು ತಪ್ಪಿಸುವುದಿಲ್ಲ. ಸೆಣಬು, ಗುಂಡಿ, ಗಡಿಯಾರದ ಚಕ್ರ, ಕಾಫಿಪುಡಿ ಅಂಟಿಸಿದ ಗಣಪತಿಗಳು ಸಾಲುಸಾಲಾಗಿ ಕೂತಿರುತ್ತವೆ. ಗುಂಡಿ ಕಿತ್ತರೂ ಗಣಪತಿ ಗಣಪತಿಯೇ. ಡ್ರಾಯಿಂಗ್ ರೂಮಿಗೆ ಚೆಂದ, ಬೇಡ ಅನ್ನುವುದಿಲ್ಲ. ಮಾರುವವರ ಹೊಟ್ಟೆಯೂ ತುಂಬಬೇಕು. ಆದರೆ ಕೀಫರನ ರೆಕ್ಕೆಯನ್ನು ತಗಡಿನಲ್ಲಿ ಮಾಡಿ ನೋಡಿ, ಚಿತ್ರ ಸತ್ತುಹೋಗುತ್ತದೆ.

ಊರಿಗೆ ಬಂದ ಮೇಲೆ ತಡೆಯಲಾಗಲಿಲ್ಲ. ನಿವೃತ್ತನಾದರೂ ಶನಿವಾರ ಬೆಳಗ್ಗೆ ಶಾಲೆಗೆ ಹೋಗಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಜರಾಸಂಧನ ಕಥೆ ಹೇಳಿದೆ. ಒಂದೇ ಮಾವಿನ ಹಣ್ಣನ್ನು ಹೋಳು ಮಾಡಿ ತಿಂದ ಇಬ್ಬರು ರಾಣಿಯರಿಗೆ ಅರ್ಧರ್ಧ ಮಗು ಹುಟ್ಟಿದ್ದು, ಎಸೆದ ಹೋಳುಗಳನ್ನು ಜರೆ ಎಂಬ ರಾಕ್ಷಸಿ ಕೂಡಿಸಿದ್ದು, ದೊಡ್ಡವನಾದ ಮೇಲೆ ಭೀಮ ಸೀಳಿದ್ದು. ಹಳೆಯ ಗೋಣಿಚೀಲ ಎರಡು ತುಂಡು ಮಾಡಿ, ಒಂದೊಂದಕ್ಕೆ ಅರ್ಧ ಮೈ ಬರೆಯಿರಿ, ಆಮೇಲೆ ಹೊಲಿಯಿರಿ ಅಂದೆ. ಮೊದಲ ವಾರ ನಾನೇ ಜಾಣತನ ಮಾಡಿ ಮೈದಾಹಿಟ್ಟಿನ ಗಂಜಿಯಲ್ಲಿ ಅಂಟಿಸಿಟ್ಟಿದ್ದೆ. ಮುಂದಿನ ಶನಿವಾರ ಬಂದು ನೋಡಿದರೆ ಜರಾಸಂಧನ ಎಡಗಾಲು ಇಲಿಯ ಪಾಲು. ಹಾಗಾಗಿ ಹೊಲಿಗೆ. ದಬ್ಬಳ, ಹುರಿ ತರಿಸಿದೆ.

ಎಂಟನೇ ಕ್ಲಾಸಿನ ಒಬ್ಬ ಹುಡುಗ, ಅಪ್ಪ ಎಪಿಎಂಸಿಯಲ್ಲಿ ಮೂಟೆ ಹೊಲಿಯುವವರು, ದಬ್ಬಳ ಹಿಡಿದುಕೊಂಡು ಕೇಳಿದ: "ಸಾರ್, ಹೊಲಿಗೆ ಮುಂದೆ ಕಾಣ್ಬೇಕಾ, ಹಿಂದೆ ಕಾಣ್ಬೇಕಾ?" ಮೂವತ್ತು ವರ್ಷದಲ್ಲಿ ನನಗೆ ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ನಿನಗೆ ಹೇಗೆ ತೋಚುತ್ತದೋ ಹಾಗೆ ಮಾಡು ಅಂದೆ. ಹಣೆಯಿಂದ ಶುರುಮಾಡಿ ಮೂಗು, ಎದೆ, ಹೊಕ್ಕುಳ ಅಂತ ಮುಂದುಗಡೆಯೇ ದೊಡ್ಡದೊಡ್ಡ ಹೊಲಿಗೆ ಹಾಕಿಕೊಂಡು ಇಳಿದ. ಕೈ ಪಳಗಿತ್ತು. ಕೊನೆಗೆ ಹುರಿಯ ತುದಿಗೆ ಗಂಟು ಹಾಕದೆ ಒಂದು ಗೇಣು ಜೋತುಬಿಟ್ಟ.

"ಗಂಟು ಹಾಕಲ್ವೇನೋ?" ಅಂದೆ.

"ಬೇಡ ಸಾರ್" ಅಂದ. "ಭೀಮ ಬರ್ತಾನಲ್ಲ."