ಫ್ಯಾನೇ ಇಲ್ಲದ ಪುಟ್ಟ ಪಿಸಿ: ಬಿಸಿ ಹೋಗುವುದು ಎಲ್ಲಿಗೆ?

(ಹತ್ತಿರದ ದೃಶ್ಯ: ಕೇಸಿನ ಪಕ್ಕದ ರೆಕ್ಕೆಗಳ ಮೇಲೆ ಬೆರಳು)

ಏನಾದರೂ ಸದ್ದು ಕೇಳಿಸಿತಾ? ಇಲ್ಲ ಅಲ್ವಾ? ಪಿಸಿ ಅರ್ಧ ಗಂಟೆಯಿಂದ ಕೆಲಸ ಮಾಡುತ್ತಿದೆ, ಒಳಗೆ ಒಂದೂ ಫ್ಯಾನ್ ಇಲ್ಲ. ಆದರೆ ಕೇಸ್ ಮುಟ್ಟಿದರೆ ಬಿಸಿ. ಗಾಬರಿ ಬೇಡ. ಇಲ್ಲಿ ಕೇಸೇ ಕೂಲರ್. ಕೇಸ್ ತಣ್ಣಗಿದ್ದು, ಪ್ರೊಸೆಸರ್ 95 ಡಿಗ್ರಿ ತೋರಿಸಿದರೆ ಆಗ ಗಾಬರಿಯಾಗಿ.

ನನ್ನ ಮೊದಲ ಬಿಲ್ಡ್‌ನಲ್ಲಿ ಆಗಿದ್ದೂ ಅದೇ. ಬಿಚ್ಚಿ ನೋಡಿದರೆ ಥರ್ಮಲ್ ಪ್ಯಾಡ್ (ಚಿಪ್‌ನ ಬಿಸಿಯನ್ನು ಲೋಹಕ್ಕೆ ದಾಟಿಸುವ ಮೆತ್ತನೆ ಪಟ್ಟಿ) ಮೇಲಿನ ತೆಳು ಪ್ಲಾಸ್ಟಿಕ್ ಹಾಳೆ ಕಿತ್ತೇ ಇರಲಿಲ್ಲ. ನಗಬೇಡಿ, ಅದು ಕಣ್ಣಿಗೇ ಕಾಣುವುದಿಲ್ಲ.

(ಕೇಸ್ ಬಿಚ್ಚಿ, ಕೊಳವೆಗಳನ್ನು ತೋರಿಸುತ್ತಾ)

ಪ್ರೊಸೆಸರ್‌ನಿಂದ ಕೇಸಿನ ಗೋಡೆಗೆ ಬಿಸಿ ಒಯ್ಯುವ ಈ ತಾಮ್ರದ ಕೊಳವೆಗಳೇ ಹೀಟ್ ಪೈಪ್. ಗಟ್ಟಿ ಸರಳು ಅಂದುಕೊಳ್ಳುತ್ತಾರೆ, ಆದರೆ ಒಳಗೆ ಟೊಳ್ಳು. ಗಾಳಿ ಹೀರಿ ತೆಗೆದು, ಚೂರೇ ಚೂರು ನೀರು ಬಿಟ್ಟು ಮುಚ್ಚಿರುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ನೀರು 100 ಡಿಗ್ರಿ ಮುಟ್ಟುವ ಎಷ್ಟೋ ಮೊದಲೇ ಕುದಿಯುತ್ತದೆ, ಆ ಆವಿ ಕೇಸಿನ ಗೋಡೆಯ ಕಡೆಯ ತುದಿಗೆ ಓಡಿ, ಅಲ್ಲಿ ಬಿಸಿ ಬಿಟ್ಟು ಮತ್ತೆ ನೀರಾಗಿ, ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಒಳಮೈಯ ಪದರ ಹಿಡಿದು ವಾಪಸ್ ಬರುತ್ತದೆ. ಪಂಪ್ ಇಲ್ಲ, ಮೋಟಾರ್ ಇಲ್ಲ.

ಗೋಡೆಯವರೆಗೆ ಸಲೀಸು. ತೊಂದರೆ ಆಮೇಲೆ, ಗಾಳಿಯಲ್ಲಿ. ಸುಮ್ನೆ ನಿಂತ ಗಾಳಿ ಬಿಸಿ ಒಯ್ಯುವುದರಲ್ಲಿ ಮಹಾ ಸೋಮಾರಿ. ಒಂದು ಚದರ ಮೀಟರ್ ಮೈ, ಕೋಣೆಗಿಂತ ಒಂದು ಡಿಗ್ರಿ ಬಿಸಿ ಇದ್ದರೆ ಸುಮಾರು 10 ವ್ಯಾಟ್ ಹೊರಗೆ ಹೋಗುತ್ತದೆ. ರೆಕ್ಕೆಗಳೆಲ್ಲ ಸೇರಿ 0.2 ಚದರ ಮೀಟರ್ ಇದೆ, ಕೇಸ್ 25 ಡಿಗ್ರಿ ಜಾಸ್ತಿ ಬಿಸಿ ಅನ್ನಿ. 50 ವ್ಯಾಟ್. ಒರಟು ಲೆಕ್ಕ, ರೆಕ್ಕೆಗಳು ಎದುರುಬದುರು ಇರುವುದರಿಂದ ಅಷ್ಟೂ ದಕ್ಕುವುದಿಲ್ಲ. ಅಂದರೆ 35 ವ್ಯಾಟ್ ಪ್ರೊಸೆಸರ್ ಆರಾಮ, 65 ಕಷ್ಟ. ಬಯೋಸ್‌ನಲ್ಲಿ, ಅಂದರೆ ಪಿಸಿ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್‌ನಲ್ಲಿ, ಪ್ರೊಸೆಸರ್ ಎಷ್ಟು ವ್ಯಾಟ್ ಎಳೆಯಬಹುದೆಂಬ ಪವರ್ ಲಿಮಿಟ್ ಇಳಿಸಿಕೊಳ್ಳಿ.

ಇಲ್ಲೇ ಬಹಳ ಜನ ಮೋಸ ಹೋಗುವುದು. ಎರಡು ಕೆಜಿ ಅಲ್ಯೂಮಿನಿಯಂ ಒಂದು ಡಿಗ್ರಿ ಏರಲು 50 ವ್ಯಾಟ್‌ಗೆ 36 ಸೆಕೆಂಡ್ ಬೇಕು. ಎರಡು ನಿಮಿಷದ ಬೆಂಚ್‌ಮಾರ್ಕ್‌ನಲ್ಲಿ (ವೇಗ ಅಳೆಯುವ ಪರೀಕ್ಷೆಯಲ್ಲಿ) ಎಲ್ಲ ಕೇಸೂ ಸೂಪರ್! ಆಗ ಬಿಸಿ ಹೊರಗೆ ಹೋಗುತ್ತಿಲ್ಲ, ಲೋಹದಲ್ಲಿ ತುಂಬಿಕೊಳ್ಳುತ್ತಿದೆ ಅಷ್ಟೇ. ಒಂದು ಗಂಟೆ ಓಡಿಸಿ, ಆಮೇಲೆ ಹೇಳಿ.

ರೆಕ್ಕೆಗಳ ನಡುವೆ ಬೆರಳು ತೂರುವಷ್ಟು ಜಾಗ ಇದ್ದರೆ ಒಳ್ಳೆಯದು, ಒತ್ತೊತ್ತಾಗಿದ್ದರೆ ಫ್ಯಾನ್ ಇಲ್ಲದೆ ಗಾಳಿ ನುಗ್ಗುವುದಿಲ್ಲ. ಸಾಲುಗಳು ಕೆಳಗಿನಿಂದ ಮೇಲಕ್ಕೆ ಇರಬೇಕು, ಬಿಸಿಗಾಳಿ ಚಿಮಣಿಯಂತೆ ಏರಲಿ. 2000ರಲ್ಲಿ ಆಪಲ್ ತಂದ ಪವರ್ ಮ್ಯಾಕ್ ಜಿ4 ಕ್ಯೂಬ್ ಇದೇ ನಂಬಿಕೆಯ ಮೇಲೆ ನಿಂತಿತ್ತು: ಕೆಳಗಿನಿಂದ ತಣ್ಣನೆ ಗಾಳಿ, ಮೇಲಿನ ಜಾಲರಿಯಿಂದ ಬಿಸಿಗಾಳಿ. ಇಂಥದ್ದನ್ನು ಮುಚ್ಚಿದ ಕಪಾಟಿನಲ್ಲಿ ಇಟ್ಟರೆ ಕಥೆ ಮುಗಿಯಿತು.

ಎಸ್‌ಎಸ್‌ಡಿ, ಅಂದರೆ ಫೈಲ್‌ಗಳನ್ನು ಇಡುವ ಚಿಪ್ ಡಿಸ್ಕ್, ಮರೆಯಬೇಡಿ, ಅದಕ್ಕೂ ಪ್ಯಾಡ್ ಹಾಕಿ ಲೋಹಕ್ಕೆ ತಾಗಿಸಿ. ಫ್ಯಾನ್ ಇದ್ದಾಗ ಅದಕ್ಕೆ ಪುಕ್ಕಟೆ ಗಾಳಿ ಸಿಗುತ್ತಿತ್ತು, ಈಗ ಇಲ್ಲ.

ಇನ್ನೊಂದು. ಫ್ಯಾನ್ ಸದ್ದು ಹೋದ ಮೇಲೆ, ಅಲ್ಲಿಯವರೆಗೆ ಅದರಡಿ ಮುಚ್ಚಿಹೋಗಿದ್ದ ಪವರ್ ಸರ್ಕಿಟ್‌ನ ಕೀಂ ಎಂಬ ಸಣ್ಣ ದನಿ ಕೇಳಿಸಲು ಶುರುವಾಗುತ್ತದೆ. ನನ್ನದರಲ್ಲಿ ಮೌಸ್ ಸ್ಕ್ರೋಲ್ ಮಾಡಿದಾಗೆಲ್ಲ ಬರುತ್ತದೆ. ಅದಕ್ಕೆ ಇನ್ನೂ ಮದ್ದು ಸಿಕ್ಕಿಲ್ಲ.