ಅಜ್ಜಿಯ ಪ್ಲೇಟುಗಳು, ಮೊಮ್ಮಗಳ ಹಾಡು

ಕೇಳುಗರಿಗೆ ನಮಸ್ಕಾರ.

ರೇಡಿಯೊ ಬಾಗಿಲು ತೆರೆಯದೇ ಹೋದ ಒಬ್ಬ ಗಾಯಕಿಯ ಬಗ್ಗೆ ಇವತ್ತು ರೇಡಿಯೊದಲ್ಲೇ ಮಾತಾಡುವ ಅವಕಾಶ ನನಗೆ ಸಿಕ್ಕಿದೆ. ಆಕೆಯ ಹೆಸರು ಬೆಟ್ಟಿ ಡೇವಿಸ್. ಅಮೆರಿಕದ ಕಪ್ಪು ಜನಾಂಗದ ಹೆಣ್ಣುಮಗಳು. 1974ರಲ್ಲಿ ಬಂದ ಆಕೆಯ ಎರಡನೆಯ ಆಲ್ಬಮ್ಮಿನ ಹೆಸರು ‘ದೇ ಸೇ ಐಮ್ ಡಿಫರೆಂಟ್’. ‘ನನ್ನನ್ನು ಬೇರೆ ಥರದವಳು ಅಂತಾರೆ ಜನ’ ಎಂದು ಕನ್ನಡದಲ್ಲಿ ಹೇಳಬಹುದು.

2022ರ ಫೆಬ್ರವರಿಯಲ್ಲಿ ಆಕೆ ತನ್ನ 77ನೇ ವಯಸ್ಸಿನಲ್ಲಿ ತೀರಿಕೊಂಡ ಸುದ್ದಿ ಓದಿದಾಗಲೇ ನಾನು ಆ ಹೆಸರನ್ನು ಮೊದಲ ಸಲ ಕಂಡದ್ದು. ಆ ಸಂಜೆ ಸಾರು ಒಲೆಯ ಮೇಲಿಟ್ಟು, ಫೋನಿನಲ್ಲಿ ಆ ಆಲ್ಬಮ್ಮಿನ ಶೀರ್ಷಿಕೆ ಗೀತೆ ಹಾಕಿದೆ. ಬೇಸ್ ಗಿಟಾರ್ ನೆಲದಿಂದ ಎದ್ದು ಬಂದ ಹಾಗೆ ಬಂತು. ಅದರ ಮೇಲೆ ಒಂದು ದನಿ. ಹಾಡೋ, ಗದರಿಕೆಯೋ, ಗುಟುರೋ ತಿಳಿಯಲಿಲ್ಲ. ಸೌಟು ಹಿಡಿದುಕೊಂಡು ನಿಂತವಳು ಹಾಡು ಮುಗಿಯುವವರೆಗೂ ಅಲುಗಾಡಲಿಲ್ಲ.

ಆ ಹಾಡಿನಲ್ಲಿ ಏನಿದೆ? ಹೆಸರುಗಳಿವೆ. ಬಿಗ್ ಮಾಮಾ ಥಾರ್ನ್‌ಟನ್, ಲೈಟ್ನಿಂಗ್ ಹಾಪ್‌ಕಿನ್ಸ್, ಹೌಲಿಂಗ್ ವುಲ್ಫ್, ಹೀಗೆ ಬ್ಲೂಸ್ ಎಂಬ ಅಮೆರಿಕದ ಕಪ್ಪು ಜನರ ಹಾಡುಗಾರಿಕೆಯ ಹಿರಿಯರ ಹೆಸರುಗಳು ಒಂದರ ಹಿಂದೆ ಒಂದು ಬರುತ್ತವೆ. ನಡುವೆ ಒಬ್ಬ ಮುತ್ತಜ್ಜಿ ಇದ್ದಾಳೆ. ಆಕೆಗೆ ಫಾಕ್ಸ್‌ಟ್ರಾಟ್ ಎಂಬ ಬಾಲ್ ರೂಮ್ ಕುಣಿತ ಹಿಡಿಸುವುದಿಲ್ಲ. ನಶ್ಯ ಉಗುಳಿ, ಎಲ್ಮೋರ್ ಜೇಮ್ಸ್ ಹಾಡಿಗೆ ಕುಣಿಯುತ್ತಾಳೆ. ಒಬ್ಬ ಮುತ್ತಜ್ಜ ಕಳ್ಳಭಟ್ಟಿ ಹಿಡಿದುಕೊಂಡು ಬಿ. ಬಿ. ಕಿಂಗ್ ಕೇಳುತ್ತಾನೆ. ನನ್ನನ್ನು ಬೇರೆಯವಳು ಅನ್ನುತ್ತೀರಲ್ಲ, ನಾನು ಬಂದದ್ದು ಇವರಿಂದ ಎಂದು ಆಕೆ ಎದೆ ಸೆಟೆಸಿ ಹೇಳುತ್ತಾಳೆ. ಬೀಸುಕಲ್ಲಿನ ಮುಂದೆ ಕೂತು, ಹಾಡು ಎತ್ತುವ ಮೊದಲು ಭೂಮ್ತಾಯಿಯನ್ನೂ ಹೆತ್ತವರನ್ನೂ ನೆನೆಯುತ್ತಿದ್ದ ನಮ್ಮ ಹೆಂಗಸರ ನೆನಪಾಯಿತು ನನಗೆ. ಆ ನೆನೆಕೆಯಲ್ಲಿ ವಿನಯವಿತ್ತು. ಬೆಟ್ಟಿಯ ನೆನೆಕೆಯಲ್ಲಿ ಕಿಡಿ ಇದೆ.

ಆಕೆ ಹುಟ್ಟಿದ್ದು 1944ರಲ್ಲಿ, ನಾರ್ತ್ ಕೆರೊಲಿನಾದ ಡರ್ಹಮ್‌ನಲ್ಲಿ. ಹುಟ್ಟು ಹೆಸರು ಬೆಟ್ಟಿ ಮೇಬ್ರಿ. ಅಜ್ಜಿಯ ಮನೆಯಲ್ಲಿ ಬ್ಲೂಸ್ ಪ್ಲೇಟುಗಳ ರಾಶಿ ಇತ್ತಂತೆ, ಈ ಹೆಸರುಗಳೆಲ್ಲ ಕಿವಿಗೆ ಬಿದ್ದದ್ದು ಅಲ್ಲಿ. ಆಮೇಲೆ ಮನೆಯವರು ಪಿಟ್ಸ್‌ಬರ್ಗ್ ಹತ್ತಿರದ ಹೋಮ್‌ಸ್ಟೆಡ್ ಎಂಬ ಉಕ್ಕಿನ ಕಾರ್ಖಾನೆಯ ಊರಿಗೆ ಬಂದರು. ಹನ್ನೆರಡನೇ ವಯಸ್ಸಿಗೇ ಮೊದಲ ಹಾಡು ಬರೆದಳು. ಹರೆಯದಲ್ಲೇ ನ್ಯೂಯಾರ್ಕಿಗೆ ಹೋಗಿ ಫ್ಯಾಷನ್ ಕಲಿತಳು, ಮಾಡೆಲ್ ಆದಳು, ಚೇಂಬರ್ಸ್ ಬ್ರದರ್ಸ್ ತಂಡಕ್ಕೆ ಹಾಡು ಬರೆದುಕೊಟ್ಟಳು.

1968ರಲ್ಲಿ ಜಾಝ್ ದಿಗ್ಗಜ ಮೈಲ್ಸ್ ಡೇವಿಸ್‌ನನ್ನು ಮದುವೆಯಾದಳು. ಮದುವೆ ಬಾಳಿದ್ದು ಸುಮಾರು ಒಂದು ವರ್ಷ. ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್, ಫಂಕ್ ತಂಡದ ನಾಯಕ ಸ್ಲೈ ಸ್ಟೋನ್ ಇವರ ಸಂಗೀತದ ರುಚಿ ಅವನಿಗೆ ಹತ್ತಿಸಿದವಳು ಈಕೆ. ಬೆಟ್ಟಿಯ ಬಗ್ಗೆ ಬರೆಯುವವರು ಬಹಳಷ್ಟು ಜನ ಇಲ್ಲಿಂದಲೇ ಶುರುಮಾಡಿ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಮುಂದೆ ಹೋಗೋಣ.

1973ರ ಮೊದಲ ಆಲ್ಬಮ್ಮಿಗೆ ಸ್ಲೈ ಸ್ಟೋನ್ ತಂಡದ ಡ್ರಮ್ಮರ್ ಗ್ರೆಗ್ ಎರಿಕೊ ನಿರ್ಮಾಪಕ, ಅದೇ ತಂಡದ ಲ್ಯಾರಿ ಗ್ರಹಾಮ್ ಬೇಸ್ ನುಡಿಸಿದ. ಎರಡನೆಯದಕ್ಕೆ ಬೆಟ್ಟಿಯೇ ನಿರ್ಮಾಪಕಿ. ಎಂಟು ಹಾಡು, ಎಂಟೂ ಆಕೆ ಬರೆದವು. ಆ ಕಾಲದಲ್ಲಿ ಒಬ್ಬ ಕಪ್ಪು ಹೆಂಗಸಿನ ಕೈಗೆ ಇಷ್ಟು ಅಧಿಕಾರ ಸಿಕ್ಕದ್ದೇ ಅಪರೂಪ. ವಾದ್ಯ ನುಡಿಸಲು ಆಕೆಗೆ ಬರುತ್ತಿರಲಿಲ್ಲ. ಬೇಸ್ ಹೀಗೆ, ಗಿಟಾರ್ ಹೀಗೆ ಎಂದು ಒಬ್ಬೊಬ್ಬರ ಭಾಗವನ್ನೂ ಬಾಯಲ್ಲೇ ಗುನುಗಿ ತೋರಿಸುತ್ತಿದ್ದಳು. ಬೆಟ್ಟಿ ಹಾಡಿದ್ದು ಫಂಕ್, ಅಂದರೆ ತಾಳವೇ ಮುಂದಾದ ಕುಣಿತದ ಸಂಗೀತ. ಅದರ ಗುಟ್ಟು ಆವರ್ತದ ಮೊದಲ ಏಟಿನಲ್ಲಿದೆ. ನಮ್ಮ ತಾಳದ ಸಮ ಇದ್ದಂತೆ, ಎಲ್ಲರೂ ಎಲ್ಲಿ ಅಲೆದರೂ ಅಲ್ಲಿಗೆ ಬಂದು ಧೊಪ್ಪೆಂದು ಕಾಲಿಡಬೇಕು. ಈ ಆಲ್ಬಮ್ಮಿನಲ್ಲಿ ಆ ಏಟು ಬೀಳುವಾಗ ಬೆಟ್ಟಿಯ ದನಿಯೂ ಒಂದು ತಾಳವಾದ್ಯವೇ. ಹೆಸರಾಂತ ಸೋಲ್ ಗಾಯಕಿ ಅರೀಥಾ ಫ್ರಾಂಕ್ಲಿನ್ ದನಿಯ ತುಂಬುತನ ಇಲ್ಲಿ ಹುಡುಕಬೇಡಿ. ಕೆರೆಯುವ, ಕಚ್ಚುವ, ಒಮ್ಮೆಲೇ ಪಿಸುಗುಡುವ ದನಿ ಇದು.

ಇಷ್ಟಿದ್ದೂ ಯಾಕೆ ಕೇಳಿಸಲಿಲ್ಲ? ತನ್ನ ಆಸೆಯನ್ನು ಹೆಣ್ಣೊಬ್ಬಳು ತನ್ನ ಬಾಯಿಂದಲೇ, ತಲೆ ತಗ್ಗಿಸದೆ ಹಾಡಿದ್ದು ತುಂಬ ಜನಕ್ಕೆ ನುಂಗಲಾಗಲಿಲ್ಲ. ಧಾರ್ಮಿಕ ಗುಂಪುಗಳು ಸಿಟ್ಟಾದವು. ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ದೊಡ್ಡ ಸಂಘಟನೆಯಾದ ಎನ್‌ಎಎಸಿಪಿ ಕೂಡ ವಿರೋಧಿಸಿತು. ಆ ಸಂಘಟನೆಯ ಆತಂಕ ನನಗೆ ಅರ್ಥವಾಗುತ್ತದೆ. ತಮ್ಮ ಜನರ ಬಗ್ಗೆ ಹಬ್ಬಿಸಿದ ಕೀಳು ಚಿತ್ರಗಳ ವಿರುದ್ಧ ಅವರು ದಶಕಗಳಿಂದ ಹೆಣಗಾಡುತ್ತಿದ್ದರು. ಆದರೂ ಮರ್ಯಾದೆ ಕಾಯುವ ಭಾರ ಒಬ್ಬ ಹಾಡುಗಾರ್ತಿಯ ಹೆಗಲಿಗೇ ಬಿತ್ತಲ್ಲ ಎಂದು ಹೊಟ್ಟೆ ಉರಿಯುತ್ತದೆ. ರೇಡಿಯೊ ಕೇಂದ್ರಗಳು ಹಾಡುಗಳನ್ನು ಬದಿಗಿಟ್ಟವು. ರೇಡಿಯೊ ಇಲ್ಲದೆ 1974ರಲ್ಲಿ ಪ್ಲೇಟು ಮಾರುವುದು ಹೇಗೆ?

1975ರಲ್ಲಿ ಮೂರನೆಯ ಆಲ್ಬಮ್. 1976ರಲ್ಲಿ ಲೂಸಿಯಾನದಲ್ಲಿ ರೆಕಾರ್ಡ್ ಆದ ನಾಲ್ಕನೆಯದು ಹೊರಗೆ ಬರಲೇ ಇಲ್ಲ, ಅದು ಜನರ ಕೈಸೇರಿದ್ದು 2009ರಲ್ಲಿ. 1980ರಲ್ಲಿ ತಂದೆ ತೀರಿಕೊಂಡರು. ಹೋಮ್‌ಸ್ಟೆಡ್‌ಗೆ ಮರಳಿದ್ದ ಬೆಟ್ಟಿ ಅಲ್ಲೇ ಮೌನವಾಗಿ ಉಳಿದುಬಿಟ್ಟಳು. ಹಾಡುಗಳು ಮಾತ್ರ ಸುಮ್ಮನಿರಲಿಲ್ಲ. 1990ರಲ್ಲಿ ರ್‍ಯಾಪರ್ ಐಸ್ ಕ್ಯೂಬ್ ಎರಡನೆಯ ಆಲ್ಬಮ್ಮಿನ ಮೊದಲ ಹಾಡಿನ ತುಣುಕನ್ನು ತನ್ನ ಹಾಡಿಗೆ ಬಳಸಿಕೊಂಡ. 2007ರಲ್ಲಿ ಸಿಯಾಟಲ್‌ನ ‘ಲೈಟ್ ಇನ್ ದಿ ಆ್ಯಟಿಕ್’ ಕಂಪನಿ ಮೊದಲ ಎರಡು ಆಲ್ಬಮ್‌ಗಳನ್ನು ಮತ್ತೆ ಹೊರತಂದಿತು. ಮೂವತ್ತಕ್ಕೂ ಹೆಚ್ಚು ವರ್ಷ ಕಳೆದಿತ್ತು. ಪುಣ್ಯಕ್ಕೆ, ಅದನ್ನು ನೋಡಲು ಆಕೆ ಇದ್ದಳು.

ಈಗ ಆ ಎರಡನೆಯ ಆಲ್ಬಮ್ ಹುಡುಕುವುದು ಕಷ್ಟವಲ್ಲ. ಶೀರ್ಷಿಕೆ ಗೀತೆ ಕೇಳುವಾಗ ಒಂದು ಚೀಟಿ, ಪೆನ್ನು ಹತ್ತಿರ ಇಟ್ಟುಕೊಳ್ಳಿ. ಆಕೆ ಹೇಳುವ ಹೆಸರುಗಳನ್ನು ಬರೆದುಕೊಳ್ಳಿ. ನಾನು ಬರೆದುಕೊಂಡ ಚೀಟಿ ಇನ್ನೂ ಅಡುಗೆಮನೆಯ ಸಾಸಿವೆ ಡಬ್ಬಿಗೆ ಅಂಟಿಕೊಂಡಿದೆ. ಒಬ್ಬೊಬ್ಬರನ್ನೇ ಕೇಳುತ್ತ ಹೋಗುತ್ತಿದ್ದೇನೆ. ಈ ವಾರ ಹೌಲಿಂಗ್ ವುಲ್ಫ್.

ನಮಸ್ಕಾರ.