ಮರಸೇಬು ಕಾಣದ ಪೇರ್ ಡ್ರಾಪ್

ಎಲ್ಲರಿಗೂ ನಮಸ್ಕಾರ.

ನಾನು ಚಿಕ್ಕವನಿದ್ದಾಗ ಅಂಗಡಿಗೆ ಹೋಗಿ "ಪೆಪ್ಪರ್‌ಮೆಂಟು ಕೊಡಿ" ಅಂದರೆ ಕೈಗೆ ಬರುತ್ತಿದ್ದುದು ಕಿತ್ತಳೆ ತೊಳೆಯಂಥದ್ದು, ಇಲ್ಲವೇ ನಿಂಬೆಹುಳಿ. ಪುದೀನಾದ ಸುಳಿವೇ ಇರುತ್ತಿರಲಿಲ್ಲ. ಚೀಪುವುದೆಲ್ಲ ನಮಗೆ ಪೆಪ್ಪರ್‌ಮೆಂಟೇ. ಹೆಸರೊಂದು, ಹೂರಣ ಇನ್ನೊಂದು ಆದ ಇಂಥ ಮಿಠಾಯಿ ಇಂಗ್ಲೆಂಡಿನಲ್ಲೂ ಇದೆ: ಪೇರ್ ಡ್ರಾಪ್. ಪೇರ್ ಅಂದರೆ ಮರಸೇಬು. ಹೆಬ್ಬೆರಳಿನ ತುದಿಯಷ್ಟು ಗಾತ್ರ, ಕಣ್ಣೀರ ಹನಿಯ ಆಕಾರ, ಅರ್ಧ ಗುಲಾಬಿ, ಅರ್ಧ ಹಳದಿ, ಮೇಲೆ ತರಿತರಿ ಸಕ್ಕರೆ. ನಾಲ್ಕು ಚೀಪುವಷ್ಟರಲ್ಲಿ ಆ ತರಿ ಅಂಗುಳನ್ನು ಕೆರೆದುಬಿಡುತ್ತದೆ. ಆ ಉರಿಯನ್ನೂ ಅಲ್ಲಿನ ವಯಸ್ಸಾದವರು ಪ್ರೀತಿಯಿಂದಲೇ ನೆನೆಯುತ್ತಾರೆ!

ಇದರಲ್ಲಿ ಮರಸೇಬು ಬಂದದ್ದು ಎಲ್ಲಿಂದ? ತೋಟದಿಂದಂತೂ ಅಲ್ಲ. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆದ ಮಹಾ ವಸ್ತುಪ್ರದರ್ಶನದಲ್ಲಿ ಹಣ್ಣಿನ ಕೃತಕ ಸುವಾಸನೆಗಳನ್ನೂ ಇಟ್ಟಿದ್ದರು. ಅವನ್ನು ಪರಿಶೀಲಿಸಿದ ರಸಾಯನಶಾಸ್ತ್ರಜ್ಞ ಹಾಫ್‌ಮನ್, 'ಮರಸೇಬಿನ ಎಣ್ಣೆ' ಎಂಬುದು ಪೇರ್ ಡ್ರಾಪ್‌ಗಳಿಗೆ ಬಳಕೆಯಾಗುತ್ತಿದೆ ಎಂದು ಬರೆದಿಟ್ಟ. ಅದು ಅಮೈಲ್ ಅಸಿಟೇಟ್. ಮದ್ಯ ಬಟ್ಟಿ ಇಳಿಸುವಾಗ ಉಳಿಯುವ ಕೆಟ್ಟ ವಾಸನೆಯ ಎಣ್ಣೆಯಿಂದ ಅದನ್ನು ಮಾಡುತ್ತಿದ್ದರು. ನಮ್ಮ ಮೂಗಿಗಾದರೆ ಅದು ಬಾಳೆಹಣ್ಣಿನ ಘಮ. ಜೇನುನೊಣಗಳು ಚುಚ್ಚುವಾಗ ಉಳಿದವನ್ನು ಎಚ್ಚರಿಸಲು ಬಿಡುವ ವಾಸನೆಯಲ್ಲೂ ಅದೇ ವಸ್ತುವಿದೆ. ಜೇನುಗೂಡಿನ ಹತ್ತಿರ ಪೇರ್ ಡ್ರಾಪ್ ಚೀಪದಿರುವುದು ಒಳ್ಳೆಯದು.

ಮಾಡುವ ಬಗೆ ಮಾತ್ರ ನಮ್ಮ ಅಡುಗೆಮನೆಗೆ ಹೊಸದಲ್ಲ. ಪಾಕವನ್ನು ಒಂದೆಳೆ, ಉಂಡೆಪಾಕ ಎಲ್ಲ ದಾಟಿಸಿ ಸುಮಾರು 150 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ತಣ್ಣೀರಿಗೆ ಬಿಟ್ಟ ತೊಟ್ಟು ಗಟ್ಟಿಯಾಗಿ ಟಣ್ ಅನ್ನಬೇಕು. ಸಂಕ್ರಾಂತಿಯ ಸಕ್ಕರೆ ಅಚ್ಚಿನಲ್ಲಿ ಸಕ್ಕರೆ ಹರಳುಗಟ್ಟುವುದೇ ಗುರಿ. ಇಲ್ಲಿ ಹರಳುಗಟ್ಟಿದರೆ ಪಾಕ ಕೆಟ್ಟಂತೆ. ಅದಕ್ಕೇ ಗ್ಲೂಕೋಸ್ ಸಿರಪ್ಪನ್ನೋ ಸ್ವಲ್ಪ ಹುಳಿಯನ್ನೋ ಬೆರೆಸುತ್ತಾರೆ. ಕೊನೆಗೆ ಸಿಗುವುದು ಗಾಜು, ತಿನ್ನಬಹುದಾದ ಗಾಜು.

ಈ ಗಾಜು ಬಡವರ ಮಕ್ಕಳ ಕೈಗೆ ಧಾರಾಳವಾಗಿ ಸಿಗಬೇಕಾದರೆ ಸಕ್ಕರೆ ಅಗ್ಗವಾಗಬೇಕಿತ್ತು. ಅದು ದುಬಾರಿಯಿದ್ದ ಕಾಲದ ಕಥೆ ಕಹಿ. 1858ರ ಅಕ್ಟೋಬರ್ ಕೊನೆಯಲ್ಲಿ ಬ್ರಾಡ್‌ಫರ್ಡ್ ಮಾರುಕಟ್ಟೆಯಲ್ಲಿ 'ಹಂಬಗ್ ಬಿಲ್ಲಿ' ಎಂದೇ ಹೆಸರಾಗಿದ್ದ ವ್ಯಾಪಾರಿ ಪುದೀನಾ ಬಿಲ್ಲೆಗಳನ್ನು ಮಾರಿದ. ಅವು ಕುದಿಸಿ ಮಾಡಿದವಲ್ಲ, ಅಂಟು ಸೇರಿಸಿದವು. ಸಕ್ಕರೆ ಉಳಿಸಲು ಅದಕ್ಕೆ ಜಿಪ್ಸಮ್ಮಿನಂಥ ಪುಡಿ ಬೆರೆಸುವುದು ಆಗ ಮಾಮೂಲು. ಔಷಧದಂಗಡಿಯ ಹುಡುಗ ಆ ಪುಡಿಯ ಬದಲು ತಪ್ಪಿ ಆರ್ಸೆನಿಕ್ ಎಂಬ ವಿಷ ಕೊಟ್ಟಿದ್ದ. ಸುಮಾರು 20 ಜನ ಸತ್ತರು, 200ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಈ ಪ್ರಕರಣದ ಬಿಸಿಯಲ್ಲೇ 1860ರ ಕಲಬೆರಕೆ ತಡೆ ಕಾಯ್ದೆ ಬಂತು. 1874ರಲ್ಲಿ ಸಕ್ಕರೆ ಸುಂಕ ರದ್ದಾಯಿತು, ಗಾಜಿನ ಜಾಡಿಗಳು ತುಂಬಿದವು.

ಆದರೆ ಇಂದಿನ ಅಜ್ಜ ಅಜ್ಜಿಯರ ಹಂಬಲಕ್ಕೆ ಕಾರಣ ಆ ತುಂಬಿದ ಜಾಡಿಯಲ್ಲ, ಕೈಗೆಟುಕದ ಜಾಡಿ ಅಂತ ನನಗನಿಸುತ್ತದೆ. ಯುದ್ಧದ ನಡುವೆ, 1942ರ ಜುಲೈನಲ್ಲಿ ಮಿಠಾಯಿಗೂ ರೇಷನ್ ಬಂತು. ಬಹುಕಾಲ ತಲೆಗೆ ವಾರಕ್ಕೆ ಸುಮಾರು 3 ಔನ್ಸ್, ಅಂದರೆ 85 ಗ್ರಾಂ. 1949ರ ಏಪ್ರಿಲ್‌ನಲ್ಲಿ ತೆಗೆದರು; ಜನ ಮುಗಿಬಿದ್ದು ಅಂಗಡಿಗಳೇ ಬರಿದಾದವು, ಆಗಸ್ಟ್‌ನಲ್ಲಿ ಮತ್ತೆ ಹೇರಿದರು. ಪೂರ್ತಿ ಬಿಡುಗಡೆಯಾದದ್ದು 1953ರ ಫೆಬ್ರವರಿ 5ರಂದು. ರೇಷನ್ ಬಂದ ವರ್ಷ ಹುಟ್ಟಿದ ಮಗುವಿಗೆ ಅಷ್ಟರಲ್ಲಿ ಹತ್ತು ವರ್ಷ. ಬೇಕಾದಷ್ಟು ಮಿಠಾಯಿ ಕೊಂಡು ಅದಕ್ಕೆ ಗೊತ್ತಿದ್ದರೆ ಆ ನಾಲ್ಕು ತಿಂಗಳು ಮಾತ್ರ. ಅಂಥ ಮಗುವಿಗೆ ಬೇಗ ಕರಗುವ ಚಾಕೊಲೇಟಿಗಿಂತ ಬಹಳ ಹೊತ್ತು ಬಾಯಲ್ಲಿರುವ ಡ್ರಾಪೇ ಲಾಭ. ಅರ್ಧ ಚೀಪಿ, ಕಾಗದದಲ್ಲಿ ಸುತ್ತಿ, ನಾಳೆಗೂ ಇಡಬಹುದಲ್ಲ!

ಅಂದಿನ ತೂಕವೂ ನಾಲಿಗೆಯ ಮೇಲೆ ಉಳಿದಿದೆ. 2000ದಿಂದ ಬಿಡಿಯಾಗಿ ತೂಗಿ ಮಾರುವುದೆಲ್ಲ ಅಲ್ಲಿ ಗ್ರಾಂ ಲೆಕ್ಕದಲ್ಲೇ ಇರಬೇಕು. ಆದರೂ ಹಳೆಯ ಗಿರಾಕಿಗಳು ಕೇಳುವುದು 'ಕ್ವಾರ್ಟರ್', ಅಂದರೆ ಕಾಲು ಪೌಂಡ್, 113 ಗ್ರಾಂ.

ಲೀಡ್ಸ್‌ನಲ್ಲಿರುವ ತಂಗಿ ಅಷ್ಟೇ ತೂಕದ ಒಂದು ಪೊಟ್ಟಣ ಕಳಿಸಿದ್ದಾಳೆ. ಬಾಗಿಲ ಹತ್ತಿರ ಇಟ್ಟಿದ್ದೇನೆ, ಹೋಗುವಾಗ ಒಂದೊಂದು ತೆಗೆದುಕೊಳ್ಳಿ. ಕಡಿಯಬೇಡಿ, ಹಲ್ಲು ನಿಮ್ಮದು.